ರೋಗದ ತಾಕಿನವರ ಕೂಸು

ನನ್ನ ಕೆಲಸ ಗಿಡಕ್ಕೆ ರೋಗ ಹಚ್ಚುವುದು. ಕದ್ದುಮುಚ್ಚಿ ಅಲ್ಲ. ಕೆಲಸ ಕೊಟ್ಟವರೇ ತಲೆಯ ಮೇಲೆ ನಿಂತು ಹಚ್ಚಿಸುತ್ತಾರೆ.

ತೊಗರಿ ಮೊಳೆತು ಮೊದಲ ಜೋಡಿ ಎಲೆ ಬಿಚ್ಚಿದ ಕೂಡಲೇ ನಾವು ಹೆಂಗಸರು ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂರುತ್ತೇವೆ. ಸೊಂಟಕ್ಕೆ ರೋಗದ ಎಲೆಗಳ ಚೀಲ, ಬಲಗೈಯಲ್ಲಿ ಸ್ಟೇಪ್ಲರ್. ಕಚೇರಿಯಲ್ಲಿ ಕಾಗದಕ್ಕೆ ಹೊಡೆಯುತ್ತಾರಲ್ಲ, ಅದೇ. ರೋಗದ ಎಲೆಯೊಂದನ್ನು ಸಸಿಯ ಎಳೆ ಎಲೆಯ ಸುತ್ತ ಮಡಚಿ ಪಿನ್ನು ಹೊಡೆಯಬೇಕು. ಕೂತಲ್ಲೇ ಜರುಗಿ ಮುಂದಿನ ಸಸಿಗೆ ಹೊಡೆಯಬೇಕು. ರೋಗದ ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಇರುತ್ತವೆ. ಹಳೆಯ ಎಲೆ ಒಣಗಿದಂತೆ ಅವು ಹಸಿ ಎಲೆಗೆ ದಾಟುತ್ತವೆ. ದಾಟುವಾಗ ವೈರಸ್ಸನ್ನೂ ಹೊತ್ತೊಯ್ಯುತ್ತವೆ. ಯಾವ ತಳಿ ಅದನ್ನು ತಡೆದುಕೊಂಡು ನಿಲ್ಲುತ್ತದೆ ಎಂದು ಕೃಷಿ ಸಂಶೋಧನಾ ಸಂಸ್ಥೆಯ ಸಾಹೇಬರು ನೋಡಬೇಕು. ಅವರು ನೋಡಲೆಂದು ನಾವು ಹಚ್ಚಬೇಕು.

ಸಂಜೆಯ ಹೊತ್ತಿಗೆ ಮಂಡಿ ನಮ್ಮದಲ್ಲ, ಹೆಬ್ಬೆರಳು ನಮ್ಮದಲ್ಲ. ಅತ್ತೆ ನನಗಿಂತ ಎಷ್ಟೋ ವರ್ಷ ಮೊದಲೇ ಈ ಸಾಲಿಗೆ ಕೂತವಳು. ಅವಳ ಹೆಬ್ಬೆರಳಿಗೆ ಈಗ ಬಿಸಿ, ತಣ್ಣಗೆ ಯಾವುದೂ ಗೊತ್ತಾಗುವುದಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಾಳೆ. "ಬಟ್ಟೆ ಹುಡುಕೋ ಕೆಲಸ ತಪ್ಪಿತು ನೋಡೇ" ಎಂದು ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ನಾವು ಹಚ್ಚುವ ರೋಗಕ್ಕೆ ಗೊಡ್ಡು ರೋಗ ಎನ್ನುತ್ತಾರೆ. ಎಲೆ ಚಿಕ್ಕದಾಗುತ್ತದೆ, ಮೇಲೆ ತಿಳಿಹಳದಿ ಮಚ್ಚೆ ಬೀಳುತ್ತದೆ. ಗಿಡ ಸಾಯುವುದಿಲ್ಲ, ಅದೇ ಇದರ ಮೋಸ. ಗಿಡ ಕುಳ್ಳಾಗಿ, ಕವಲೊಡೆದು, ಪೊದೆ ಕಟ್ಟಿಕೊಂಡು ಹಚ್ಚಗೆ ನಿಲ್ಲುತ್ತದೆ. ಪಕ್ಕದ ಗಿಡ ಹೂಬಿಟ್ಟು, ಕಾಯಾಗಿ, ಒಣಗಿ ಹೋದರೂ ಇದು ಹಸಿರೇ. ಎಳೆಯದರಲ್ಲಿ ತಗುಲಿದರೆ ಒಂದು ಕಾಳೂ ಕೈಗೆ ಹತ್ತುವುದಿಲ್ಲ. ತಡವಾಗಿ ತಗುಲಿದರೆ ಕೆಲವು ಕೊಂಬೆ ಬರಡು, ಕೆಲವು ಕೊಂಬೆಗೆ ಕಾಯಿ, ಆ ಕಾಯಿಯೊಳಗೂ ಸೊರಗಿದ ಕಾಳು.

"ಈ ಹೆಸರಿಟ್ಟೋನು ಗಂಡಸೇ ಇರ್ಬೇಕು" ಎನ್ನುತ್ತಾಳೆ ಅತ್ತೆ. "ಗಿಡಕ್ಕೂ ಹೆಂಗಸರ ಬೈಗುಳಾನೇ ಹುಡುಕಿದ್ದಾನೆ."

ರೋಗ ಹಚ್ಚುವ ಈ ಹೊಲದ ತುಂಡಿಗೆ ರೋಗದ ತಾಕು ಎನ್ನುತ್ತಾರೆ. ಅಲ್ಲಿಗೆ ನಮ್ಮ ಓಣಿಯವರೇ. ಚರಂಡಿ ಬಳಿಯುವವರ ಓಣಿ ನಮ್ಮದು. ಬೇರೆ ಓಣಿಗಳ ಹೆಂಗಸರಿಗೆ ಬೀಜದ ತಾಕು. ಅಲ್ಲಿ ಕಳೆ ಕೀಳುವುದು, ಕಾಯಿ ಬಿಡಿಸುವುದು, ನೆರಳಲ್ಲಿ ಕೂತು ಕಾಳು ಆರಿಸುವುದು. ಹೀಗೇ ಇರಬೇಕೆಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಕೆಲಸಕ್ಕೆ ಬಂದ ದಿನ ಮೇಸ್ತ್ರಿ "ಯಾವ ಓಣಿ?" ಎಂದು ಕೇಳುತ್ತಾನೆ. ಹೇಳಿದರೆ ಆ ಕಡೆ ಎಂದು ಕೈ ತೋರಿಸುತ್ತಾನೆ.

ರೋಗದ ತಾಕಿನವರು ಬೀಜದ ತಾಕಿಗೆ ಕಾಲಿಡಬಾರದು, ಇಡುವುದಾದರೆ ಮೈ ತೊಳೆದು ಬಟ್ಟೆ ಬದಲಿಸಬೇಕು, ನುಸಿ ಬಟ್ಟೆಗಂಟಿ ಹೋದೀತು ಎಂಬುದು ನಿಯಮ. ಒಪ್ಪೋಣ. ಆದರೆ ಮೈ ತೊಳೆಯುವುದು ಎಲ್ಲಿ? ಸ್ನಾನದ ಕೋಣೆಗೆಂದು ತಳಪಾಯ ಹಾಕಿದ್ದರು. ಅದರಲ್ಲಿ ಈಗ ಗೊಬ್ಬರದ ಖಾಲಿ ಚೀಲ ಒಟ್ಟಿದ್ದಾರೆ. ಕೋಣೆ ಏಳಲಿಲ್ಲ, ನಿಯಮ ಮಾತ್ರ ಬೆಳೆಯುತ್ತಾ ಹೋಯಿತು. ನಾವು ನಲ್ಲಿ ಮುಟ್ಟಬಾರದು, ನಮಗೆ ಬೇರೆ ಪೀಪಾಯಿ. ಟ್ರ್ಯಾಕ್ಟರಿನಲ್ಲಿ ಹಿಂದೆ ನಿಲ್ಲಬೇಕು. ಬೀಜದ ತಾಕಿನ ಹೆಂಗಸರು ಎದುರು ಸಿಕ್ಕರೆ ಸೆರಗು ಒತ್ತಿಕೊಂಡು ಪಕ್ಕಕ್ಕೆ ಸರಿಯುತ್ತಾರೆ.

ಸಂಸ್ಥೆಗೆ ಹೊಸದಾಗಿ ಬಂದಿದ್ದ ಚಿಕ್ಕ ಮೇಡಂ ಒಬ್ಬರು ಒಂದು ದಿನ ನಮಗೆ ಬಿಡಿಸಿ ಹೇಳಿದರು: "ಈ ನುಸಿಗೆ ತೊಗರಿ ಎಲೆನೇ ಬೇಕು. ಮನುಷ್ಯರಿಗೆ ಏನೂ ಮಾಡಲ್ಲ." ನಾವು ತಲೆಯಾಡಿಸಿದೆವು. ನುಸಿಗೆ ನಮ್ಮ ಮೇಲೆ ಸಿಟ್ಟಿಲ್ಲ ಎಂಬುದು ನಮಗೂ ಗೊತ್ತಿತ್ತು.

ಸಂಸ್ಥೆಯ ದೊಡ್ಡ ಸಾಹೇಬನಿಗೆ ಅತ್ತೆ ಇಟ್ಟ ಹೆಸರು ಕರ್ಚೀಫು. ರೋಗದ ತಾಕಿಗೆ ಬಂದಾಗಲೆಲ್ಲ ಮೂಗಿಗೆ ಬಿಳಿ ಕರ್ಚೀಫು ಒತ್ತಿಕೊಂಡು ನಿಲ್ಲುತ್ತಿದ್ದ.

"ಗಿಡಕ್ಕೆ ಬಂದ ರೋಗಕ್ಕೆ ಈಯಪ್ಪ ಯಾಕತ್ತೆ ಮೂಗು ಮುಚ್ಕೋತಾನೆ?" ಎಂದು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೇಳಿದ್ದೆ.

"ಗಿಡಕ್ಕಲ್ಲ ಕಣೇ ಪೆದ್ದಿ. ನಮಗೆ."

ನಮ್ಮ ತಾಕಿನಿಂದ ಅವನು ನೆಟ್ಟಗೆ ಬೀಜದ ತಾಕಿಗೇ ಹೋಗುತ್ತಿದ್ದ. ಅದೇ ಪ್ಯಾಂಟು, ಅದೇ ಬೂಟು. ಅವನ ಪ್ಯಾಂಟಿಗೆ ನುಸಿ ಹೆದರುತ್ತಿದ್ದವೋ ಏನೋ.

ನನ್ನ ಮಗಳು ಹುಟ್ಟಿದಾಗ ಹಿಡಿಯಷ್ಟಿದ್ದಳು. ಕರೆದು ಕರೆದಾದರೂ ದಪ್ಪಗಾಗಲಿ ಎಂದು ಅತ್ತೆ ಅವಳಿಗೆ ಗುಂಡಮ್ಮ ಎಂದು ಹೆಸರಿಟ್ಟಳು. ಮನೆಯಲ್ಲಿ ಬಿಟ್ಟು ಬರೋಣವೆಂದರೆ ಯಾರಿದ್ದಾರೆ? ಅತ್ತೆ ನನ್ನ ಪಕ್ಕದ ಸಾಲಿನಲ್ಲಿ, ಗಂಡ ಊರಿನ ಚರಂಡಿಯಲ್ಲಿ. ತಾಕಿನ ಬದುವಿಗೆ ಒಂದು ಕರಿ ಕೊಡೆ ಸಿಕ್ಕಿಸಿ, ಕೆಳಗೆ ಗೋಣಿ ಹಾಸಿ ಮಲಗಿಸುತ್ತಿದ್ದೆ. ಬಿಸಿಲು ತಿರುಗಿದಂತೆ ಕೊಡೆಯನ್ನೂ ತಿರುಗಿಸಬೇಕು. ನಾನು ಸಾಲಿನ ಆ ತುದಿಯಲ್ಲಿದ್ದರೆ ತಿರುಗಿಸುವವರು ಯಾರು? ಮೇಸ್ತ್ರಿ ಏಳಲು ಬಿಡುವುದಿಲ್ಲ. ಕೂಸಿನ ಕುತ್ತಿಗೆ, ಕಂಕುಳು, ತೊಡೆಯ ಸಂದು, ಎಲ್ಲ ಕಡೆ ಕೆಂಪು ಬೊಕ್ಕೆ ಎದ್ದಿದ್ದವು. ಎತ್ತಿಕೊಂಡರೂ ಅಳುತ್ತಿತ್ತು, ಇಳಿಸಿದರೂ ಅಳುತ್ತಿತ್ತು.

ಸಂಸ್ಥೆಯಲ್ಲಿ ಕೂಸಿನ ಕೋಣೆ ಇಲ್ಲವೆಂದಲ್ಲ. ಬೀಜದ ತಾಕಿನ ಪಕ್ಕದಲ್ಲೇ ಇದೆ. ಕೆಂಪು ನೆಲ, ತಿಳಿನೀಲಿ ಗೋಡೆ, ಎರಡು ಫ್ಯಾನು. ಕಬ್ಬಿಣದ ಚೌಕಟ್ಟಿಗೆ ಕಟ್ಟಿದ ಬಟ್ಟೆಯ ತೊಟ್ಟಿಲುಗಳು ಸಾಲಾಗಿವೆ. ಕೆಲಸದ ಹೆಂಗಸರ ಮಕ್ಕಳಿಗೆ ಎಂದು ಬಾಗಿಲ ಮೇಲೆ ಬರೆದಿದೆ. ನಾವು ಮಾಡುವುದಕ್ಕೆ ಅಲ್ಲಿ ಕೆಲಸ ಎನ್ನುವುದಿಲ್ಲವೆಂದು ಕಾಣುತ್ತದೆ, ನಮ್ಮ ಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ.

ಅಲ್ಲಿನ ಆಯಾ ನಮ್ಮ ಓಣಿಯವಳೇ. ವರಸೆಯಲ್ಲಿ ನನಗೆ ಚಿಕ್ಕಮ್ಮ. ಮೊದಲು ನಮ್ಮ ಸಾಲಿನಲ್ಲಿ ಪಿನ್ನು ಹೊಡೆದವಳು. ಯಾರದ್ದೋ ಕೈಕಾಲು ಹಿಡಿದು ನೆರಳಿಗೆ ಸೇರಿದ್ದಳು. ಮಕ್ಕಳ ಹೊಲಸು ಬಳಿಯಲು ಮಾತ್ರ ನಮ್ಮ ಓಣಿಯ ಕೈ ಅವರಿಗೆ ಆಗುತ್ತಿತ್ತು.

"ಚಿಕ್ಕಮ್ಮಾ, ಒಂದು ಮೂಲೇಲಿ ಮಲಗಿಸ್ಕೊ" ಎಂದು ಬೇಡಿದೆ. "ನಾನು ಒಳಗೆ ಕಾಲಿಡಲ್ಲ. ಕಿಟಕೀಲಿ ಕೊಡು, ಹಾಲು ಕುಡಿಸಿ ಕಿಟಕೀಲೇ ವಾಪಸ್ ಕೊಡ್ತೀನಿ."

"ನಿನ್ನ ಎದೆಗೆ ಅಂಟಿಕೊಂಡಿರೋ ಕೂಸು ತಾನೇ? ನಿನ್ನ ಮೈಮೇಲಿರೋದು ಅದಕ್ಕೂ ಅಂಟಿರುತ್ತೆ."

"ನುಸಿ ಮಕ್ಕಳನ್ನ ತಿನ್ನುತ್ತಾ?"

"ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡ ತಾಯಿ. ಸಾಹೇಬ್ರು ಬೇಡ ಅಂದಿದ್ದಾರೆ."

ಕರ್ಚೀಫನನ್ನೂ ಕೇಳಿದೆ. "ಮಗು ಇರೋರು ಕೆಲಸಕ್ಕೆ ಯಾಕಮ್ಮ ಬರ್ತೀರಿ?" ಎಂದ. ಬರುವುದು ಮಗುವಿದೆ ಎಂದೇ ಎಂಬುದು ಅವನ ತಲೆಗೆ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಸಾಲು ಮುಗಿಸಿ ಬಂದರೆ ಕೊಡೆ ಗಾಳಿಗೆ ಉರುಳಿಬಿದ್ದಿತ್ತು. ಕೂಸು ಉರಿಬಿಸಿಲಲ್ಲಿ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಕೈಕಾಲು ಸೆಟೆದು ಎಳೆಯುತ್ತಿದ್ದವು. ನಮ್ಮ ಪೀಪಾಯಿಯ ನೀರು ಚಹಾದಷ್ಟು ಬಿಸಿ. ತಣ್ಣೀರಿನ ನಲ್ಲಿ ಇರುವುದು ಕೂಸಿನ ಕೋಣೆಯ ಹತ್ತಿರ. ಸುತ್ತಿ ಹೋಗಲು ರಸ್ತೆಯಿತ್ತು. ನಾನು ಸುತ್ತಲಿಲ್ಲ. ಬೀಜದ ತಾಕಿನ ಕೊನೆಯಲ್ಲಿರುವ ಕಾಲುದಾರಿಗೆ ಬಿದ್ದು ಓಡಿದೆ. ಸೊಂಟದೆತ್ತರದ ತೊಗರಿ ಎರಡೂ ಕಡೆ ಸೀರೆಗೆ ಬಡಿಯುತ್ತಿತ್ತು. ನಲ್ಲಿಯ ಕೆಳಗೆ ಕೂಸಿನ ತಲೆ ಹಿಡಿದೆ. ಆಯಾ ಅಯ್ಯೋ ಅಯ್ಯೋ ಎಂದು ಕೂಗಿಕೊಂಡಳು. ಕೂಸಿಗಾಗಿ ಅಲ್ಲ, ನಲ್ಲಿಗಾಗಿ.

ಕೂಸು ಉಳಿಯಿತು. ಆಸ್ಪತ್ರೆಯ ಡಾಕ್ಟರು ಕಣ್ಣು ಬಿಡಿಸಿ ನೋಡಿ, "ಬಿಸಿಲಿಗೆ ಹಾಕ್ಬೇಡ. ಇನ್ನೊಂದು ಸಲ ಹೀಗಾದ್ರೆ ನನ್ನ ಹತ್ರ ತರೋ ಕಷ್ಟ ತಗೋಬೇಡ" ಎಂದರು. ನೆರಳು ಎಲ್ಲಿ ಸಿಗುತ್ತದೆ ಎಂದು ಅವರು ಹೇಳಲಿಲ್ಲ.

ಆ ವರ್ಷ ಬೀಜದ ತಾಕಿನ ತೊಗರಿ ಹೂ ಬಿಡಲಿಲ್ಲ.

ಬಿಡುವ ಕಾಲ ಬಂತು, ಹೋಯಿತು. ಒಂದು ತುದಿ ಬಿಟ್ಟರೆ ಉಳಿದ ಗಿಡಗಳೆಲ್ಲ ಹಚ್ಚಗೆ ಪೊದೆ ಕಟ್ಟಿ ನಿಂತಿದ್ದವು. ದೂರದಿಂದ ನೋಡಿದರೆ ಭರ್ತಿ ಫಸಲು. ಹತ್ತಿರ ಹೋದರೆ ಚಿಕ್ಕ ಎಲೆ, ಹಳದಿ ಮಚ್ಚೆ. ಅದು ಹೆಚ್ಚು ಕಾಯಿ ಕೊಡುವ ತಳಿ, ಆದರೆ ಈ ರೋಗಕ್ಕೆ ಮೆತ್ತಗಿನದು. ಅದರ ಬೀಜಕ್ಕೆಂದು ಎಷ್ಟೋ ರೈತರು ಕಾದು ಕೂತಿದ್ದರು. ಈಗ ಅವರಿಗೆ ಕೊಡಲು ಸೊಪ್ಪು ಮಾತ್ರ ಇತ್ತು.

ಆಗಿದ್ದೇನೆಂದರೆ, ಆ ವರ್ಷ ರೋಗದ ತಾಕನ್ನು ರಸ್ತೆಯ ಪಕ್ಕಕ್ಕೆ ತಂದಿದ್ದರು. ನೋಡಲು ಬರುವ ದೊಡ್ಡ ಮನುಷ್ಯರ ಬೂಟಿಗೆ ಕೆಸರಾಗಬಾರದು, ಕಾರು ಬದುವಿನವರೆಗೆ ಬರಬೇಕು ಎಂದು ಕರ್ಚೀಫು ಮಾಡಿಸಿದ್ದ ಏರ್ಪಾಡು. ಗಾಳಿ ಬೀಸುವುದೂ ರಸ್ತೆಯ ಕಡೆಯಿಂದಲೇ. ಬೀಜದ ತಾಕಿಗೆ ರೋಗ ಆ ಅಂಚಿನಿಂದಲೇ ಹೊಕ್ಕಿತ್ತು.

"ನುಸಿ ಗಾಳೀಲಿ ಹೋಗುತ್ತೆ. ಜಾಗ ಬದಲಿಸ್ಬೇಡಿ ಅಂತ ಮೀಟಿಂಗಲ್ಲೇ ಹೇಳಿದ್ದೆ" ಎಂದು ಚಿಕ್ಕ ಮೇಡಂ ನಮ್ಮ ಬದುವಿನ ಮೇಲೆ ಕೂತು ಗೊಣಗಿದರು.

"ಪಾಪ, ಸಾಹೇಬ್ರಿಗೆ ಗೊತ್ತಿರ್ಲಿಲ್ವೇನೋ" ಎಂದಳು ಅತ್ತೆ.

"ಗೊತ್ತಿಲ್ದೆ ಏನು? ಕಾಲೇಜಲ್ಲಿ ಇದನ್ನ ನನಗೆ ಪಾಠ ಮಾಡಿದ್ದೇ ಅವರು."

ಮೇಲಿನವರು ವಿಚಾರಣೆಗೆ ಬರುತ್ತಾರೆಂದು ಸುದ್ದಿಯಾಯಿತು. ಅದರ ಹಿಂದಿನ ದಿನ ಕರ್ಚೀಫು ನನಗೆ ಹೇಳಿಕಳಿಸಿದ. ಅವನ ಕೋಣೆಯನ್ನು ನಾನು ಒಳಗಿನಿಂದ ನೋಡಿದ್ದು ಅದೇ ಮೊದಲು. ಗಾಜಿನ ಸೀಸೆಗಳಲ್ಲಿ ಬಣ್ಣಬಣ್ಣದ ಕಾಳು ಜೋಡಿಸಿಟ್ಟಿದ್ದರು. ಮೇಸ್ತ್ರಿ ನನಗಿಂತ ಮೊದಲು ನುಗ್ಗಿ ಬಾಗಿಲ ಬಳಿ ಹಳೆಯ ಪೇಪರು ಹಾಸಿದ. ನಾನು ಅದರ ಮೇಲೆ ನಿಲ್ಲಬೇಕಿತ್ತು. ನಿಂತೆ.

"ಕೂಸು ಹೇಗಿದೆಯಮ್ಮ?" ಎಂದ ಕರ್ಚೀಫು. ಇಷ್ಟು ಬೆಣ್ಣೆಯಂಥ ದನಿ ಅವನಲ್ಲಿದೆಯೆಂದು ಗೊತ್ತಿರಲಿಲ್ಲ. "ಆವತ್ತು ನೀನು ಬೀಜದ ತಾಕಲ್ಲಿ ಓಡಿದ್ದು ನಿಜ ತಾನೇ?"

"ನಿಜ."

"ನಾಳೆ ಅದನ್ನೇ ಹೇಳು. ಸುಳ್ಳು ಹೇಳು ಅಂತಿಲ್ಲ ನಾನು. ರೋಗದ ತಾಕಿನ ಬಟ್ಟೇಲೇ ಓಡಿದೆ, ನನ್ನಿಂದ ತಪ್ಪಾಯ್ತು, ಅಷ್ಟು ಅಂದ್ರೆ ಸಾಕು. ಕೆಲಸ ಹೋಗಲ್ಲ, ನಾನಿದ್ದೀನಿ. ಇನ್ಮೇಲೆ ನಿನ್ನ ಕೂಸಿಗೆ ಕೋಣೇಲಿ ತೊಟ್ಟಿಲು. ನಾಳೆವರೆಗೂ ಯಾಕೆ, ಇವತ್ತೇ ಮಲಗಿಸು."

ಮಲಗಿಸಿದೆ. ಆಯಾ ಹೊಸ್ತಿಲಲ್ಲೇ ಕೂಸನ್ನು ಇಸಿದುಕೊಂಡಳು. ಕಿಟಕಿಯಿಂದ ನೋಡುತ್ತಾ ನಿಂತೆ. ಫ್ಯಾನಿನ ಗಾಳಿಗೆ ಗುಂಡಮ್ಮನ ಹಣೆಯ ಕೂದಲು ಅಲ್ಲಾಡುತ್ತಿತ್ತು. ಒಂದು ಸಲ ಮೈ ಮುರಿದಳು, ಮುಷ್ಟಿ ಬಿಚ್ಚಿದಳು, ಮಲಗಿಬಿಟ್ಟಳು. ಆ ಮಧ್ಯಾಹ್ನವೆಲ್ಲ ಮಲಗಿದಳು. ಕೊಡೆಯ ಕಡೆ ಕತ್ತು ತಿರುಗಿಸದೆ ನಾನು ಕೆಲಸ ಮಾಡಿದ ಮೊದಲ ಮಧ್ಯಾಹ್ನ ಅದು. ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ.

"ಹೇಳ್ಬಿಡೇ" ಎಂದಳು ಅತ್ತೆ, ಸಂಜೆ ದಾರಿಯಲ್ಲಿ. "ನಮ್ಮ ತಲೆ ಮೇಲೆ ಎಷ್ಟು ಗೂಬೆ ಕೂರಿಸಿಲ್ಲ? ಇನ್ನೊಂದು ಕೂತ್ರೆ ತಲೆ ಒಡೆದುಹೋಗಲ್ಲ. ಕೂಸು ಉಳ್ಕೊಳ್ಳುತ್ತೆ."

ಹೇಳುವುದೆಂದೇ ನಾನೂ ಗಟ್ಟಿ ಮಾಡಿಕೊಂಡೆ. ತಪ್ಪಾಯ್ತು ಸ್ವಾಮಿ, ತಪ್ಪಾಯ್ತು ಸ್ವಾಮಿ ಎಂದು ಅನ್ನ ಬೇಯಿಸುತ್ತಾ ಬಾಯಿಪಾಠ ಮಾಡಿದೆ.

ಬೆಳಿಗ್ಗೆ ಕೂಸನ್ನು ಎತ್ತಿಕೊಂಡು ಕೋಣೆಗೆ ಹೋದರೆ ಹೊಸ್ತಿಲಲ್ಲಿ ಆಯಾ ಇರಲಿಲ್ಲ. ಹಿತ್ತಲಿನಿಂದ ಹೊಗೆ ಬರುತ್ತಿತ್ತು. ಸುತ್ತಿ ಹೋದೆ. ಒಣಸೊಪ್ಪಿನ ಬೆಂಕಿ ಹಾಕಿ ನಿಂತಿದ್ದಳು. ಕೈಯಲ್ಲಿ ಒಂದು ಉದ್ದನೆಯ ಕೋಲು. ಕೋಲಿನ ತುದಿಯಲ್ಲಿ ತೊಟ್ಟಿಲ ಬಟ್ಟೆ. ಹಿಂದಿನ ದಿನ ನನ್ನ ಮಗಳು ಮಲಗಿದ್ದ ಬಟ್ಟೆ. ಸತ್ತ ಹಾವನ್ನು ಎತ್ತಿದಂತೆ ಮೈಯಿಂದ ದೂರ ಹಿಡಿದು ಬೆಂಕಿಗೆ ಇಳಿಸುತ್ತಿದ್ದಳು.

ನನ್ನನ್ನು ಕಂಡು ಬೆಚ್ಚಿದಳು. "ಬೇರೆ ತಾಯಂದಿರು ಗಲಾಟೆ ಮಾಡಿದ್ರು ಕಣೇ. ಸಾಹೇಬ್ರೇ ಸುಟ್ಟುಹಾಕು ಅಂದ್ರು."

"ಇನ್ಮೇಲೆ ತೊಟ್ಟಿಲು ಅಂದಿದ್ದರಲ್ಲ?"

ಅವಳು ಬೆಂಕಿಯನ್ನು ಕೆದಕಿದಳು. "ವಿಚಾರಣೆ ಮುಗಿಯೋವರೆಗೂ ಸುಮ್ಮನಿರಿ ಅಂತ ಆ ತಾಯಂದಿರಿಗೆ ಹೇಳಿದ್ದಾರೆ. ಆಮೇಲೆ ನಿನ್ನನ್ನ ಬದುವಿಗೇ ಕಳಿಸ್ತಾರೆ. ನೀನೇ ಒಪ್ಕೊಂಡ ಮೇಲೆ ಒಳಗೆ ಹ್ಯಾಗೆ ಬಿಡ್ತಾರೆ ಹೇಳು."

ಹೌದಲ್ಲ. ನನ್ನ ಬಟ್ಟೆಯಲ್ಲಿ ರೋಗವಿದೆಯೆಂದು ನಾನೇ ಬಾಯಿಬಿಟ್ಟು ಹೇಳಿದ ಮೇಲೆ ನನ್ನ ಕೂಸನ್ನು ಯಾವ ಕೋಣೆ ಸೇರಿಸುತ್ತದೆ? ಇಷ್ಟು ಸಣ್ಣ ಮಾತು ನನಗೆ ಹೊಳೆದಿರಲಿಲ್ಲ. ಫ್ಯಾನಿನ ಗಾಳಿ ಕಣ್ಣು ಕಟ್ಟಿತ್ತು. ಬಟ್ಟೆ ಹೊತ್ತಿಕೊಂಡಿತು. ಗುಂಡಮ್ಮ ಬೆಂಕಿ ನೋಡಿ ಕೈಬಡಿದು ನಕ್ಕಳು. ನನ್ನ ಮೈಯೆಲ್ಲ ಉರಿಯಿತು.

ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ವಿಚಾರಣೆಗೆ ಹೋದೆ. ಬೀಜದ ತಾಕಿನ ಮುಂದೆ ಮೇಲಿನವರು ಟೋಪಿ ಹಾಕಿ ನಿಂತಿದ್ದರು. ಪಕ್ಕದಲ್ಲಿ ಕರ್ಚೀಫು, ಹಿಂದೆ ಚಿಕ್ಕ ಮೇಡಂ. ಬೇಲಿಯಾಚೆ ರೋಗದ ತಾಕಿನಲ್ಲಿ ಅತ್ತೆ ಮತ್ತು ನಮ್ಮ ಹೆಂಗಸರು ಹೊಸ ಮಡಿಗೆ ಪಿನ್ನು ಹೊಡೆಯಲು ಕೂತಿದ್ದರು.

"ಇವಳೇ ಸರ್" ಎಂದ ಕರ್ಚೀಫು. "ಇವರಿಗೆ ಎಷ್ಟು ಹೇಳಿದ್ರೂ ಅಷ್ಟೇ. ಶುಚಿ ಅನ್ನೋದು ಇವರ ಓಣೀಲೇ ಇಲ್ಲ. ಅದಕ್ಕೇ ಬೇರೆ ಇಟ್ಟಿರೋದು. ಹೇಳಮ್ಮ, ಹೆದರ್ಬೇಡ."

"ನಾನು ಓಡಿದ್ದು ನಿಜ" ಎಂದೆ. "ಕೂಸು ಸಾಯ್ತಾ ಇತ್ತು, ಓಡಿದೆ. ಎಲ್ಲಿ ಓಡಿದೆ ಅಂತ ತೋರಿಸ್ತೀನಿ, ಬನ್ನಿ."

ಕಾಲುದಾರಿಗೆ ಕರೆದುಕೊಂಡು ಹೋದೆ. ರಸ್ತೆಯಿಂದ ದೂರದ ಆ ತುದಿಯಲ್ಲಿ ರೋಗ ತಡವಾಗಿ ಮುಟ್ಟಿತ್ತು. ದಾರಿಯ ಎರಡೂ ಕಡೆ ಗಿಡಗಳು ಕಾಯಿ ಹೊತ್ತಿದ್ದವು. ಇಡೀ ತಾಕಿನಲ್ಲಿ ಕಾಯಿ ಇದ್ದದ್ದು ಅಲ್ಲಿ ಮಾತ್ರ.

"ನನ್ನ ಸೀರೆ ಬಡಿದದ್ದು ಈ ಗಿಡಗಳಿಗೆ. ಇವು ಕಾಯಿ ಬಿಟ್ಟಿವೆ. ನನ್ನ ಸೆರಗು ಕಾಣದ ಗಿಡಗಳು ಗೊಡ್ಡಾಗಿವೆ. ನಾನು ಆ ಕಡೇನೂ ಒಂದು ಸಲ ಓಡ್ಬೇಕಿತ್ತು ನೋಡಿ."

ಚಿಕ್ಕ ಮೇಡಂ ತಲೆ ತಗ್ಗಿಸಿದರು. ಟೋಪಿಯವರಲ್ಲಿ ಒಬ್ಬ ಒಂದು ಕಾಯಿ ಕಿತ್ತು ಸುಲಿದು ಹಸಿ ಕಾಳನ್ನು ಬಾಯಿಗೆ ಹಾಕಿಕೊಂಡ. "ಚೆನ್ನಾಗಿದೆ" ಎಂದ. ಇನ್ನೊಬ್ಬ "ಸರಿ, ಸರಿ, ಎಲ್ಲಾ ನೋಡಿದ್ದಾಯ್ತಲ್ಲ" ಎಂದ. ಕರ್ಚೀಫು ಚಹಾ ಆರುತ್ತದೆ ಎಂದ. ಹೊರಟರು. ನಾನೇನೋ ಭೂಮಿ ಬಿರಿಯುತ್ತದೆ ಎಂದುಕೊಂಡಿದ್ದೆ. ಅವರಿಗೆ ನಿಜ ಬೇಕಿರಲಿಲ್ಲ, ಒಂದು ಕುತ್ತಿಗೆ ಬೇಕಿತ್ತು. ಅದು ಇನ್ನೂ ನನ್ನದೇ.

ಕರ್ಚೀಫು ಎರಡು ಹೆಜ್ಜೆ ಹಿಂದಕ್ಕೆ ಬಂದು ಹಲ್ಲು ಕಚ್ಚಿದ. "ನಾಳೆಯಿಂದ ಬರ್ಬೇಡ."

"ನಾಳೆ ಯಾಕೆ? ಇವತ್ತೇ ತಗೊಳ್ಳಿ." ಸೊಂಟದಿಂದ ಸ್ಟೇಪ್ಲರ್ ತೆಗೆದು ಚಾಚಿದೆ. ನನ್ನ ಕೈಯಿಂದ ತೆಗೆದುಕೊಳ್ಳಲು ಅವನ ಕೈ ಬರಲಿಲ್ಲ. ಬೂಟಿನ ಮೇಲೆ ಬೀಳುವಂತೆ ಬಿಟ್ಟೆ.

ಬೇಲಿಯಾಚೆ ಟಿಕ್ ಟಿಕ್ ಸದ್ದು ನಿಂತಿತು. ಹೇಳ್ಬಿಡೇ ಎಂದಿದ್ದ ಅತ್ತೆಯೇ ಮೊದಲು ಎದ್ದಳು. ಮಂಡಿ ಹಿಡಿದುಕೊಂಡು, ನರಳಿಕೊಂಡು ಎದ್ದಳು. ಹೊಸ ಮಡಿಯ ಸಸಿಗಳು ಆ ವಾರವೇ ಎಲೆ ಬಿಚ್ಚಿದ್ದವು. ಈಗ ಹಚ್ಚದಿದ್ದರೆ ಎಲೆ ಬಲಿತು ಆ ಬಿತ್ತನೆಯೇ ವ್ಯರ್ಥ.

"ಏಳ್ರೇ" ಎಂದಳು. "ನಮ್ಮ ಕೈ ಇಲ್ದೆ ಇವರಿಗೆ ರೋಗಾನೂ ಬೆಳೆಯಲ್ಲ. ಮಕ್ಕಳನ್ನ ಎತ್ಕೊಳ್ಳಿ."

ಎದ್ದರು. ಕೊಡೆಗಳ ಕೆಳಗಿನಿಂದ ಮಕ್ಕಳನ್ನು ಎತ್ತಿಕೊಂಡರು. ಮೈ ತೊಳೆಯಲಿಲ್ಲ, ಬಟ್ಟೆ ಬದಲಿಸಲಿಲ್ಲ. ಕಾಲುದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆದು ಕೂಸಿನ ಕೋಣೆಗೆ ಹೋದೆವು. ಆಯಾ ಬಾಗಿಲಿಗೆ ಅಡ್ಡ ಕೈಚಾಚಿ ನಿಂತಳು.

"ದಾರಿ ಬಿಡು ಚಿಕ್ಕಮ್ಮಾ. ಇಲ್ಲಾಂದ್ರೆ ಕೋಲು ತಗೊಂಡು ಬಾ."

ಕೈ ಇಳಿಸಿದಳು. ನಾವು ಒಳಗೆ ಹೋಗಿ ಕೆಂಪು ನೆಲದ ಮೇಲೆ ಕೂತೆವು. ನೆಲ ತಣ್ಣಗಿತ್ತು. ತೊಟ್ಟಿಲುಗಳಲ್ಲಿ ಬೀಜದ ತಾಕಿನವರ ಮಕ್ಕಳು ಮಲಗಿದ್ದವು. ನಾವು ಯಾರೂ ಒಂದನ್ನೂ ಮುಟ್ಟಲಿಲ್ಲ.

ಸುದ್ದಿ ಹೋಗಲು ಎಷ್ಟು ಹೊತ್ತು? ಅವರು ಓಡಿ ಬಂದರು. ಮಣ್ಣಿನ ಕೈ, ಬೆವರಿದ ಮುಖ, ನಮ್ಮ ಹಾಗೆಯೇ ಕೂಲಿಯವರು. ಒಬ್ಬೊಬ್ಬಳೇ ನುಗ್ಗಿ ತನ್ನ ಮಗುವನ್ನು ಬಾಚಿಕೊಂಡು ಹೋದಳು. ಒಬ್ಬಳ ಮಗು ನಿದ್ದೆಗಣ್ಣಲ್ಲಿ ಅತ್ತೆಯ ಬೆರಳು ಹಿಡಿದುಕೊಂಡಿತು. ತಾಯಿ ಆ ಮುಷ್ಟಿಯನ್ನು ಎಳೆದು ಬಿಡಿಸಿದಳು. ಹೊರಗೆ ನಲ್ಲಿಯ ಕೆಳಗೆ ಅದರ ಕೈಯನ್ನು ಉಜ್ಜಿ ಉಜ್ಜಿ ತೊಳೆಯುವ ಸದ್ದು ನಮಗೆ ಕೇಳಿಸುತ್ತಿತ್ತು. ಮಗು ಅಳುತ್ತಿತ್ತು. ಸಾಹೇಬನ ಕರ್ಚೀಫಿಗಿಂತ ಆ ಸದ್ದು ನನ್ನನ್ನು ಹೆಚ್ಚು ಸುಟ್ಟಿತು.

ಆಮೇಲೆ ಕರ್ಚೀಫು ಬಂದ. ಹೊಸ್ತಿಲಾಚೆ ನಿಂತ. "ಸಸಿ ಬಲೀತಾವೆ. ಮೊದಲು ಪಿನ್ನು ಹೊಡೀರಿ, ಆಮೇಲೆ ಕೂತು ಮಾತಾಡೋಣ."

"ಕೂತು ಮಾತಾಡೋಣ ಸಾಹೇಬ್ರೇ. ಒಳಗೆ ಬನ್ನಿ" ಎಂದೆ. "ಪೇಪರು ಹಾಸೋಕೆ ಇಲ್ಲಿ ಮೇಸ್ತ್ರಿ ಇಲ್ಲ, ಬರೀ ನೆಲ ಇದೆ."

ಒಂದು ಕಾಲು ಮುಂದಿಟ್ಟ. ನಾವು ಕೂತಿದ್ದ ನೆಲ ನೋಡಿದ. ಕಾಲು ಹಿಂದೆ ತೆಗೆದ.

ತೊಟ್ಟಿಲುಗಳು ಒಂದೂ ಬಿಡದೆ ಖಾಲಿಯಾಗಿ ತೂಗಾಡುತ್ತಿದ್ದವು. ನಾನು ಕೇಳಿದ್ದು ಒಂದನ್ನು. ನನ್ನ ಕೂಸಿನ ಪಕ್ಕದಲ್ಲಿ ತಮ್ಮ ಕೂಸು ಮಲಗಬಾರದೆಂದು ಅವರು ಅಷ್ಟನ್ನೂ ಬಿಟ್ಟುಕೊಟ್ಟು ಹೋಗಿದ್ದರು. ನನ್ನ ಎದೆ ಕಹಿಯಾಗಿ ಹೋಗಿತ್ತು, ಆದರೂ ಗುಂಡಮ್ಮನನ್ನು ಫ್ಯಾನಿನ ಕೆಳಗಿನ ತೊಟ್ಟಿಲಿಗೆ ಇಳಿಸಿ ತೂಗತೊಡಗಿದೆ.